ನಿಮ್ಮ ಮನೆಯ ಡೆಬ್ರಿಸ್ ಎಲ್ಲಿಗೆ ಹೋಯಿತು?

ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿರುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾವೂ ಮನೆ ಕಟ್ಟಿಸಿದವರೇ. ಡೆಬ್ರಿಸ್, ಅಂದರೆ ಮನೆ ಒಡೆದಾಗ, ಕಟ್ಟಿದಾಗ ಉಳಿಯುವ ಗೋಡೆ ಚೂರು, ಸಿಮೆಂಟ್ ಕಸ, ಎಲ್ಲಿಗೆ ಹೋಗುತ್ತದೆ ಅಂತ ಕೇಳದೆ ಬಿಡುವ ತಪ್ಪಿನ ಬಗ್ಗೆ ಈ ಪತ್ರ. ಅದನ್ನು ನಾವೂ ಮಾಡಿದ್ದೇವೆ.

ಕುವೆಂಪುನಗರದಲ್ಲಿ ನಮ್ಮ ಮಾವನವರು ಕಟ್ಟಿಸಿದ ಹಳೆ ಮನೆ ಇತ್ತು. ಕೆಂಪು ಗಾರೆ ನೆಲ, ಅಂಚಿಗೆ ಕಪ್ಪು ಪಟ್ಟಿ. ಹಜಾರದ ಮೂಲೆಯಲ್ಲಿ ನಮ್ಮ ಅತ್ತೆ ಮೊಳೆಯಿಂದ ಗೀರಿ ಚೌಕಾಬಾರದ ಮನೆ ಬರೆದಿದ್ದರು. ಸಾಲಿಗೆ ಐದರಂತೆ ಇಪ್ಪತ್ತೈದು ಮನೆ. ಬೇಸಿಗೆ ರಜೆ ಬಂದರೆ ಮಕ್ಕಳೆಲ್ಲ ಕವಡೆ ಹಿಡಿದು ಅಲ್ಲೇ ಬಿದ್ದಿರುತ್ತಿದ್ದರು. ಕಾಲ ಕಳೆದಂತೆ ಗೋಡೆ ಬಿರುಕು ಬಿಟ್ಟಿತು. ಮಳೆಗಾಲದಲ್ಲಿ ಬಕೆಟ್ ಇಟ್ಟುಕೊಂಡು ಮಲಗುವ ಹಾಗಾಯಿತು. ಒಡೆದು ಹೊಸದು ಕಟ್ಟಿಸೋಣ ಅಂತ ಮನಸ್ಸು ಗಟ್ಟಿ ಮಾಡಿದೆವು.

ಕಾಂಟ್ರ್ಯಾಕ್ಟರ್ ಜೊತೆ ಕೂತು ಮಾತಾಡಿದ್ದಕ್ಕೆ ಲೆಕ್ಕವೇ ಇಲ್ಲ. ಯಾವ ಸಿಮೆಂಟ್, ಯಾವ ಕಂಬಿ, ಎಂ-ಸ್ಯಾಂಡ್ ಯಾವ ಕ್ರಷರ್‌ನಿಂದ ಬರುತ್ತದೆ, ಬಾಗಿಲಿಗೆ ತೇಗವೋ ಹೊನ್ನೆಯೋ, ಎಲ್ಲವನ್ನೂ ಕೇಳಿದೆವು. ಜಲ್ಲಿ ಲೋಡ್ ಬಂದರೆ ನಮ್ಮ ಯಜಮಾನರು ಟೇಪ್ ಹಿಡಿದು ಟ್ರೇಲರ್ ಅಳೆಯುತ್ತಿದ್ದರು. ಹಳೆ ಮನೆಯ ಡೆಬ್ರಿಸ್ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಒಂದೇ ಒಂದು ಸಲ ಕೇಳಿದ್ದು. 'ಅದೆಲ್ಲ ನಾವ್ ನೋಡ್ಕೋತೀವಿ ಬಿಡಿ ಮೇಡಂ' ಅಂದರು. ಸರಿ ಅಂತ ಸುಮ್ಮನಾದೆವು. ನಾಲ್ಕು ದಿನ ಸಂಜೆ ಹೊತ್ತು ಟ್ರ್ಯಾಕ್ಟರ್‌ಗಳು ಬಂದು ಹೋದವು. ಸೈಟು ಚೊಕ್ಕಟವಾಯಿತು. ಪೂಜೆ ಮಾಡಿ ಪಾಯ ತೆಗೆಸಿದೆವು.

ಗೃಹಪ್ರವೇಶ ಆಗಿ ಮೂರು ತಿಂಗಳಾಗಿತ್ತು. ರಿಂಗ್ ರಸ್ತೆ ಹತ್ತಿರದ ನರ್ಸರಿಯಿಂದ ಗಿಡ ತರಲು ಹೋಗಿದ್ದೆವು. ರಸ್ತೆ ಪಕ್ಕದಲ್ಲಿ ಮಳೆನೀರು ಹರಿಯುವ ಹಳ್ಳ. ಅದರ ದಡದ ಉದ್ದಕ್ಕೂ ಡೆಬ್ರಿಸ್ ಗುಡ್ಡೆ. ಸಿಮೆಂಟ್ ಚೀಲ, ಒಡೆದ ಕಮೋಡ್, ಪೈಪ್ ತುಂಡು, ಹಳೆ ಸುಣ್ಣದ ಗೋಡೆಯ ಹೆಂಟೆಗಳು. ಗಾಡಿಯಿಂದ ಇಳಿದವಳ ಕಾಲ ಹತ್ತಿರ ಒಂದು ಕೆಂಪು ತುಂಡು ಬಿದ್ದಿತ್ತು. ಊಟದ ತಟ್ಟೆಯಷ್ಟು ಅಗಲ. ಒಂದು ಅಂಚಿಗೆ ಕಪ್ಪು ಪಟ್ಟಿ. ಮೇಲೆ ಗೀರಿದ ಮೂರು ಮನೆ, ಅದರಲ್ಲಿ ಒಂದಕ್ಕೆ ಅಡ್ಡಗೆರೆಗಳ ಗುರುತು. ಒರೆಸಿ ನೋಡಿದೆ. ಅತ್ತೆಯ ಕೈ ಗೀರು. ನನಗೆ ಎಷ್ಟೋ ಹೊತ್ತು ಮಾತೇ ಹೊರಡಲಿಲ್ಲ.

ಅವತ್ತೇ ಕಾಂಟ್ರ್ಯಾಕ್ಟರ್‌ಗೆ ಫೋನ್ ಮಾಡಿದೆವು. ಅವರು ಟ್ರ್ಯಾಕ್ಟರ್‌ನವನ ನಂಬರ್ ಕೊಟ್ಟರು. ಆ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಅವನೇನೂ ಮುಚ್ಚಿಡಲಿಲ್ಲ. 'ಅಮ್ಮ, ನಂಗೆ ಕೊಡೋದು ಟ್ರಿಪ್ ಲೆಕ್ಕ. ಡೀಸೆಲ್ ನಂದೇ. ದೂರ ಹೋದ್ರೆ ಕೈಗೇನೂ ಉಳಿಯಲ್ಲ. ಎಲ್ಲಿ ಹಾಕ್ಬೇಕು ಅಂತ ನಂಗೆ ಯಾರೂ ಹೇಳಿಲ್ಲ' ಅಂದ. ಅವನ ಮೇಲೆ ರೇಗಲು ನನಗೆ ಬಾಯಿ ಬರಲಿಲ್ಲ.

ನನ್ನ ಪ್ರಕಾರ ಇಡೀ ಸಮಸ್ಯೆ ಆ ಹುಡುಗನ ಮಾತಿನಲ್ಲೇ ಇದೆ. ನಾವು ಮನೆಗೆ ರೇಟು ಮಾತಾಡುವುದು ಚದರಡಿ ಲೆಕ್ಕದಲ್ಲಿ. ಆ ರೇಟಿನ ಒಳಗೆ ಡೆಬ್ರಿಸ್ ಸಾಗಿಸುವ ಖರ್ಚು ಎಷ್ಟು ಅಂತ ಯಾರೂ ಬಿಡಿಸಿ ಬರೆಯುವುದಿಲ್ಲ. ಬರೆಯದ ಖರ್ಚನ್ನು ಕಾಂಟ್ರ್ಯಾಕ್ಟರ್ ಆದಷ್ಟೂ ಕಡಿಮೆ ಮಾಡಿ ಟ್ರ್ಯಾಕ್ಟರ್‌ನವನ ತಲೆಗೆ ಕಟ್ಟುತ್ತಾರೆ. ಹತ್ತಿರ ಸುರಿದಷ್ಟೂ ಅವನಿಗೆ ದುಡ್ಡು ಉಳಿಯುತ್ತದೆ, ಕತ್ತಲಾದ ಮೇಲೆ ಸುರಿದರೆ ಕೇಳುವವರೂ ಇರುವುದಿಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟುವವನೂ ಅವನೇ. ಮನೆ ಮಾಲೀಕರ ಹೆಸರು ಎಲ್ಲೂ ಬರುವುದೇ ಇಲ್ಲ. ನಮ್ಮ ಹೆಸರು ಬಂದಿತ್ತಾ? ಇಲ್ಲ.

ಇದು ಎಷ್ಟು ದೊಡ್ಡ ಗುಡ್ಡೆ ಅಂತ ನನಗೂ ಆಮೇಲೆ ಗೊತ್ತಾಯಿತು. ಕೇಂದ್ರ ಸರ್ಕಾರದ ಟೈಫ್ಯಾಕ್ ಸಂಸ್ಥೆಯ ಹಳೆಯ ಅಂದಾಜೊಂದಿದೆ. ಹೊಸ ಕಟ್ಟಡ ಕಟ್ಟುವಾಗ ಒಂದು ಚದರ ಮೀಟರ್‌ಗೆ 40ರಿಂದ 60 ಕೆಜಿ ಡೆಬ್ರಿಸ್ ಹುಟ್ಟುತ್ತದೆ. ಹಳೆಯದನ್ನು ಒಡೆದರೆ 300ರಿಂದ 500 ಕೆಜಿ. ನಮ್ಮ ಹಳೆ ಮನೆ ಸುಮಾರು 1,000 ಚದರಡಿ, ಅಂದರೆ 93 ಚದರ ಮೀಟರ್. ಗುಣಿಸಿ ನೋಡಿದರೆ 28ರಿಂದ 46 ಟನ್. ಟ್ರೇಲರ್‌ಗೆ ಮೂರು ಟನ್ ಅಂದುಕೊಂಡರೂ ಹತ್ತು ಹದಿನೈದು ಲೋಡ್. ಹೊಸ ಮನೆ ಕೆಳಗೆ ಮೇಲೆ ಸೇರಿ 2,000 ಚದರಡಿ. ಅದರದ್ದು ಇನ್ನೊಂದು 7ರಿಂದ 11 ಟನ್. ಒಂದು ಸಂಸಾರದ ಒಂದು ಮನೆಯ ಲೆಕ್ಕ ಇದು. ನಿಮ್ಮ ಬಡಾವಣೆಯಲ್ಲಿ ಈಗ ಎಷ್ಟು ಮನೆ ಏಳುತ್ತಿವೆ ಅಂತ ಎಣಿಸಿ ನೋಡಿ.

ಗುಡ್ಡೆ ಬಿದ್ದಲ್ಲೇ ಬಿದ್ದಿದ್ದರೆ ಅಷ್ಟು ಕಷ್ಟ ಇರಲಿಲ್ಲ. ಖಾಲಿ ಸೈಟಿನಲ್ಲಿ ನಾಲ್ಕು ಲೋಡ್ ಸುರಿದರೆ, ಮರುವಾರ ಅದರ ಮೇಲೆ ಯಾರೋ ಹಳೆ ಹಾಸಿಗೆ ಎಸೆಯುತ್ತಾರೆ. ಆಮೇಲೆ ಕೋಳಿ ಅಂಗಡಿಯ ಕಸ ಬರುತ್ತದೆ. ನಾಯಿ ಬರುತ್ತವೆ, ಇಲಿ ಬರುತ್ತವೆ, ಇಲಿ ಹಿಂದೆ ಹಾವು ಬರುತ್ತದೆ. ಸೈಟು ರಸ್ತೆಗಿಂತ ಎತ್ತರವಾದರೆ ಅಲ್ಲಿ ಇಂಗುತ್ತಿದ್ದ ಮಳೆ ನೀರು ಪಕ್ಕದ ಮನೆಯ ನೀರಿನ ಸಂಪಿನೊಳಗೆ ನುಗ್ಗುತ್ತದೆ. ರಸ್ತೆಗೆ ಚೆಲ್ಲಿದ ಜಲ್ಲಿ ಮೇಲೆ ರಾತ್ರಿ ಸ್ಕೂಟರ್ ಜಾರುತ್ತದೆ. ನಮ್ಮ ಬೀದಿಯಲ್ಲಿ ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗಿ ಹಾಗೆ ಬಿದ್ದು ಮೊಣಕೈ ಮುರಿದುಕೊಂಡಳು.

ಎಲ್ಲಕ್ಕಿಂತ ಕೆಟ್ಟದ್ದು ಸಿಮೆಂಟ್ ನೀರು. ಇದರ ಕಡೆ ನಾವು ಗಮನ ಕೊಡುವುದು ತೀರಾ ಕಡಿಮೆ. ಮೌಲ್ಡ್ ಹಾಕಿದ ದಿನ ಸಂಜೆ ನಿಂತು ನೋಡಿ. ಮಿಕ್ಸರ್, ಬಾಂಡ್ಲಿ, ಕರಣೆ, ಗುದ್ದಲಿ ಎಲ್ಲವನ್ನೂ ರಸ್ತೆ ಬದಿಗೆ ತಂದು ಪೈಪ್ ಬಿಟ್ಟು ತೊಳೆಯುತ್ತಾರೆ. ಬೂದು ಬಣ್ಣದ ಮಂದ ನೀರು ನೇರವಾಗಿ ಚರಂಡಿಗೆ ಹೋಗುತ್ತದೆ. ಬೇರೆ ಕೆಸರಾದರೆ ಮುಂದಿನ ಮಳೆಗೆ ಕೊಚ್ಚಿಕೊಂಡು ಹೋದೀತು. ಸಿಮೆಂಟ್ ಹಾಗಲ್ಲ, ನೀರಿನೊಳಗೂ ಗಟ್ಟಿಯಾಗುತ್ತದೆ. ಚರಂಡಿ ತಳದಲ್ಲಿ ಒಂದು ಪದರ, ಮುಂದಿನ ಮನೆಯವರು ತೊಳೆದಾಗ ಅದರ ಮೇಲೆ ಇನ್ನೊಂದು ಪದರ. ನಮ್ಮ ಬೀದಿಯ ಚರಂಡಿ ಹೂಳು ತೆಗೆಯಲು ಬಂದ ಪೌರಕಾರ್ಮಿಕರು ಒಂದು ಜಾಗದಲ್ಲಿ ಸನಿಕೆ ಇಳಿಯದೆ ಹಾರೆ ತರಿಸಿ ಕುಟ್ಟಿದರು. ಅರ್ಧ ದಿನ ಕುಟ್ಟಿ ಅವರು ಎತ್ತಿ ಹಾಕಿದ್ದು ಹೂಳಲ್ಲ, ಅಂಗೈ ದಪ್ಪದ ಕಾಂಕ್ರೀಟ್ ಹಲಗೆಗಳು. ಅದಕ್ಕೆ ನಾವು ಕೊಟ್ಟದ್ದು ಒಂದೊಂದು ಲೋಟ ಟೀ.

ನಮ್ಮ ಊರು ಇರುವ ಜಾಗವನ್ನೂ ಸ್ವಲ್ಪ ನೆನಪಿಸಿಕೊಳ್ಳಿ. ಮೈಸೂರು ಎರಡು ನದಿಗಳ ನಡುವಿನ ದಿಣ್ಣೆ ಮೇಲೆ ಕೂತಿದೆ. ಉತ್ತರಕ್ಕೆ ಹರಿದ ನೀರು ಕಾವೇರಿ ಕಡೆ ಹೋಗುತ್ತದೆ. ದಕ್ಷಿಣಕ್ಕೆ ಹರಿದದ್ದು ದಳವಾಯಿ ಕೆರೆ ದಾರಿಯಲ್ಲಿ ಕಬಿನಿ ಕಡೆ ಹೋಗುತ್ತದೆ. ನಡುವೆ ಅದನ್ನು ಹಿಡಿದಿಡಲು ಹಿಂದಿನವರು ಕೆರೆಗಳನ್ನು ಕಟ್ಟಿಸಿದರು. ಲಿಂಗಾಂಬುಧಿ ಕೆರೆಯನ್ನು 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ರಾಣಿ ಲಿಂಗರಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಕಾವೇರಿ ನೀರನ್ನು ಮೈಸೂರಿಗೆ ತರಬೇಕು ಅಂತ ದಿವಾನ್ ಪೂರ್ಣಯ್ಯನವರು ನಾಲೆ ತೋಡಿಸಿದರು. ಆ ನಾಲೆಯ ಉಳಿದ ಭಾಗ ಇವತ್ತು ಮಳೆನೀರು ಹೊರುತ್ತದೆ. ಹಳ್ಳದ ದಡದಲ್ಲಿ ಒಂದು ಲೋಡ್ ಡೆಬ್ರಿಸ್ ಬಿದ್ದರೆ ಹಳ್ಳ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಹತ್ತು ಲೋಡ್ ಬಿದ್ದ ಮೇಲೆ ಅಲ್ಲಿ ಹಳ್ಳ ಇತ್ತು ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಮುಂದಿನ ದೊಡ್ಡ ಮಳೆಗೆ ತಗ್ಗಿನ ಬಡಾವಣೆಯವರ ಅಡುಗೆಮನೆಗೆ ನೀರು ನುಗ್ಗುತ್ತದೆ.

2015ರಲ್ಲಿ, ಮತ್ತೆ 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಬೆಳಗ್ಗೆ ಕಸದ ಗಾಡಿ ಬಂದರೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತೇವೆ. ಅರ್ಧ ಕೆಜಿ ತರಕಾರಿ ಸಿಪ್ಪೆಗೆ ಅಷ್ಟು ಶ್ರದ್ಧೆ ಇರುವವರು ನಲವತ್ತು ಟನ್ ಡೆಬ್ರಿಸ್ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಕಾನೂನು ಇಲ್ಲ ಅಂತಲ್ಲ. ಕಟ್ಟಡ ತ್ಯಾಜ್ಯಕ್ಕೆ ಅಂತಲೇ ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಯಮ ತಂದಿತು. ಕಟ್ಟುವವರು ತಮ್ಮ ಡೆಬ್ರಿಸ್‌ಗೆ ತಾವೇ ಹೊಣೆ. ಅದನ್ನು ತಮ್ಮ ಜಾಗದ ಒಳಗೇ ಇಟ್ಟುಕೊಳ್ಳಬೇಕು, ಇಲ್ಲವೇ ಗೊತ್ತುಮಾಡಿದ ಕೇಂದ್ರಕ್ಕೆ ಕಳಿಸಬೇಕು. ಜನರ ಓಡಾಟಕ್ಕೆ, ವಾಹನಕ್ಕೆ, ಚರಂಡಿಗೆ ಅಡ್ಡಿಯಾಗುವ ಹಾಗೆ ಸುರಿಯಬಾರದು ಅಂತ ಅದರಲ್ಲಿತ್ತು. ದೊಡ್ಡ ಕಟ್ಟಡವೋ ಚಿಕ್ಕ ಮನೆಯೋ ಅಂತ ಈ ಹೊಣೆಯಲ್ಲಿ ಭೇದ ಇರಲಿಲ್ಲ. ಆಮೇಲೆ 2025ರಲ್ಲಿ ಹೊಸ ನಿಯಮ ಬಂತು. ಜಾರಿಯ ದಿನ 2026ರ ಏಪ್ರಿಲ್ 1. ಇದರಲ್ಲಿ ನೋಂದಣಿ, ಇಷ್ಟು ಪಾಲು ಮರುಬಳಕೆ ಆಗಲೇಬೇಕು ಅನ್ನುವ ಗುರಿ ಎಲ್ಲ ಇದೆ. ಆದರೆ ಆ ಬಿಗಿ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. ಅಂದರೆ ಎರಡು ಲಕ್ಷ ಚದರಡಿಗೂ ಮೇಲೆ. ನಮ್ಮ ನಿಮ್ಮ ಮೂವತ್ತು ನಲವತ್ತು ಸೈಟಿನ ಮನೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಚಿಕ್ಕ ಮನೆಗಳ ವಿಷಯ ನಮ್ಮ ಮೇಲೆ ಮತ್ತು ಸ್ಥಳೀಯ ಆಡಳಿತದ ಮೇಲೆ ಬಿದ್ದಿದೆ.

ನಾವು ಏನು ಮಾಡಬಹುದು? ನನ್ನ ತಂಗಿ ಮಗಳು ಮನೆ ಕಟ್ಟಿಸಿದಾಗ ನಡೆದದ್ದನ್ನೇ ಹೇಳುತ್ತೇನೆ. ಅಗ್ರಿಮೆಂಟ್ ಬರೆಯುವ ದಿನ ಅವಳ ಜೊತೆ ನಾನೂ ಕೂತಿದ್ದೆ. ಡೆಬ್ರಿಸ್ ಸಾಗಿಸುವುದಕ್ಕೆ ಒಂದು ಪ್ರತ್ಯೇಕ ಸಾಲು ಬರೆಸಿದೆವು. ಲೋಡ್‌ಗೆ ಇಷ್ಟು, ಎಲ್ಲಿ ಇಳಿಸಬೇಕು ಅಂತ ನಾವು ಹೇಳುತ್ತೇವೆ, ಇಳಿಸಿದ ಜಾಗದ ಫೋಟೋ ಕಳಿಸಿದ ಮೇಲೆ ಹಣ. ಕೊನೆಯ ಕಂತಿನಲ್ಲಿ ಸ್ವಲ್ಪ ಹಣ ಹಿಡಿದು, ರಸ್ತೆ, ಚರಂಡಿ, ಪಕ್ಕದ ಸೈಟು ಮೊದಲಿನ ಹಾಗೆ ಚೊಕ್ಕಟವಾದ ಮೇಲೆ ಕೊಡುವುದು ಅಂತ ಇನ್ನೊಂದು ಸಾಲು. ಕಾಂಟ್ರ್ಯಾಕ್ಟರ್ ಮೊದಲು ಮುಖ ಸಿಂಡರಿಸಿದರು. ರೇಟು ಸ್ವಲ್ಪ ಜಾಸ್ತಿ ಮಾಡಿದರು. ಜಾಸ್ತಿಯಾದ ದುಡ್ಡು ಅವಳ ಅಡುಗೆಮನೆಯ ಚಿಮಣಿ ಬೆಲೆಗಿಂತ ಕಡಿಮೆ ಇತ್ತು.

ಆಮೇಲೆ ನಮಗೆ ಆಶ್ಚರ್ಯವಾಗಿದ್ದು, ಹೊರಗೆ ಕಳಿಸಬೇಕಾದ ಲೋಡ್‌ಗಳೇ ಕಡಿಮೆಯಾದವು. ದುಡ್ಡು ಲೋಡ್ ಲೆಕ್ಕಕ್ಕೆ ಬಂದ ಕೂಡಲೇ ಮೇಸ್ತ್ರಿ ಪ್ರತಿ ಚೂರಿಗೂ ಉಪಯೋಗ ಹುಡುಕಿದರು. ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಒಡೆದ ಇಟ್ಟಿಗೆ, ಬ್ಲಾಕ್ ಚೂರು ಬಾತ್‌ರೂಮಿನ ತಗ್ಗು ತುಂಬಲು ಹೋಯಿತು. ಪಾಯ ತೆಗೆದ ಮಣ್ಣಿನಲ್ಲಿ ಮೇಲಿನ ಕಪ್ಪು ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕೈತೋಟಕ್ಕೆ ಉಳಿಸಿದರು, ಕೆಳಗಿನದ್ದು ಪಾಯದ ಒಳಗೇ ತುಂಬಿತು. ಬಿಳಿ ಟೈಲ್ಸ್ ಚೂರನ್ನು ತಾರಸಿಗೆ ಹಾಸಿದರು, ಬೇಸಿಗೆಯಲ್ಲಿ ಮೇಲಿನ ರೂಮು ತಂಪಾಗಿದೆ. ಕಂಬಿ ತುಂಡು, ಬೈಂಡಿಂಗ್ ವೈರು, ಸಿಮೆಂಟ್ ಚೀಲ ಗುಜರಿಗೆ ಹೋಯಿತು. ಆ ದುಡ್ಡನ್ನು ಕೆಲಸದವರೇ ಹಂಚಿಕೊಂಡರು. ಸಾಮಾನು ತೊಳೆಯಲು ಸೈಟಿನ ಒಳಗೇ ಒಂದು ಗುಂಡಿ ತೋಡಿ ಹಳೆ ತಾರ್ಪಾಲ್ ಹಾಸಿದರು. ಸಿಮೆಂಟ್ ನೀರು ಅಲ್ಲೇ ನಿಂತು, ಒಣಗಿ ಹಲಗೆಯಾಯಿತು. ಅದನ್ನೂ ಒಡೆದು ಗೇಟಿನ ಮುಂದಿನ ಇಳಿಜಾರಿನ ಕೆಳಗೆ ತುಂಬಿಸಿದರು.

ಟೈಲ್ಸ್, ಗ್ರಾನೈಟ್ ಕತ್ತರಿಸುವಾಗ ನೀರು ಹಾಕಿ ಕತ್ತರಿಸಲು ಹೇಳಿ. ಆ ಬಿಳಿ ಧೂಳು ಸುಮ್ನೆ ಧೂಳಲ್ಲ. ಅದರಲ್ಲಿರುವ ಸಿಲಿಕಾ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ. ನಮ್ಮ ಮನೆ ಹೊಳೆಯಬೇಕು ಅಂತ ಯಾರದ್ದೋ ಮನೆ ಮಗ ಉಸಿರು ಕಳೆದುಕೊಳ್ಳುವುದು ಬೇಡ. ಹಾಗೆಯೇ ಹಳೆ ಸಿಮೆಂಟ್ ಶೀಟಿನ ಛಾವಣಿ ಇದ್ದರೆ ಅದನ್ನು ಕುಟ್ಟಿ ಪುಡಿ ಮಾಡಿಸಬೇಡಿ. ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಒಡೆದರೆ ಅದರ ಎಳೆ ಗಾಳಿಗೆ ಸೇರುತ್ತದೆ. ನೀರು ಚಿಮುಕಿಸಿ, ಶೀಟನ್ನು ಇಡಿಯಾಗಿಯೇ ಇಳಿಸಬೇಕು. ಪೇಂಟ್ ಡಬ್ಬ, ಥಿನ್ನರ್ ಉಳಿದಿದ್ದನ್ನು ಡೆಬ್ರಿಸ್ ಜೊತೆ ಕಲಸಬೇಡಿ. ಕಲಸಿದರೆ ಒಳ್ಳೆಯ ಜಲ್ಲಿಯೂ ಕೆಲಸಕ್ಕೆ ಬರುವುದಿಲ್ಲ.

ಕೊನೆಗೆ ಅವಳ ಮನೆಯಿಂದ ಮೂರು ಲೋಡ್ ಉಳಿಯಿತು. ಆ ಮೂರು ಲೋಡ್ ಎಲ್ಲಿಗೆ ಕಳಿಸುವುದು ಅಂತ ಕಾಂಟ್ರ್ಯಾಕ್ಟರ್‌ಗೂ ಗೊತ್ತಿರಲಿಲ್ಲ, ಟ್ರ್ಯಾಕ್ಟರ್‌ನವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ವಾರ ಹುಡುಕಿದ ಮೇಲೆ ತಗ್ಗಿನ ಸೈಟು ಏರಿಸುತ್ತಿದ್ದ ಒಬ್ಬರು ಸಿಕ್ಕಿದರು. ಅವರೇ ಒಪ್ಪಿ ಇಳಿಸಿಕೊಂಡರು. ಎಲ್ಲರಿಗೂ ಹೀಗೆ ಸಿಗುವುದಿಲ್ಲ ಅಲ್ವಾ? ಅದಕ್ಕೇ ಈ ಪತ್ರದ ಮುಂದಿನ ಭಾಗವನ್ನು ನಗರಪಾಲಿಕೆಯ ಹಿರಿಯರಿಗೂ, ಸುತ್ತಲಿನ ಪಂಚಾಯಿತಿಗಳ ಹಿರಿಯರಿಗೂ ಬರೆಯುತ್ತಿದ್ದೇನೆ.

ಸ್ವಾಮಿ, ರಾತ್ರಿ ಕ್ಯಾಮೆರಾ ಇಟ್ಟು ಟ್ರ್ಯಾಕ್ಟರ್ ಹಿಡಿಯುವುದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಹಿಡಿದಾಗ 'ಯಾರ ಮನೆ ಡೆಬ್ರಿಸ್ ಇದು?' ಅಂತ ಕೇಳಿ, ಆ ಮನೆಯವರಿಗೂ ನೋಟಿಸ್ ಕಳಿಸಿ. ಪ್ಲಾನ್ ಕೊಡುವ ದಿನವೇ ಡೆಬ್ರಿಸ್‌ಗೆ ಅಂತ ಠೇವಣಿ ಕಟ್ಟಿಸಿಕೊಳ್ಳಿ. ಹಳೆ ಮನೆ ಒಡೆಯುವವರಿಗೆ ಹೆಚ್ಚು, ಖಾಲಿ ಸೈಟಿನಲ್ಲಿ ಕಟ್ಟುವವರಿಗೆ ಕಡಿಮೆ. ಗೊತ್ತುಮಾಡಿದ ಜಾಗದಲ್ಲಿ ಇಳಿಸಿದ ಚೀಟಿಗಳನ್ನು ತೋರಿಸಿದರೆ ಪೂರ್ತಿ ವಾಪಸ್ ಕೊಡಿ. ಆಗ ಮಾಲೀಕರೇ ಕಾಂಟ್ರ್ಯಾಕ್ಟರ್ ಹಿಂದೆ ಬಿದ್ದು ಚೀಟಿ ಕೇಳುತ್ತಾರೆ. ನಿಮ್ಮ ಸಿಬ್ಬಂದಿ ಬೀದಿ ಬೀದಿ ಕಾಯುವ ಕೆಲಸ ಕಡಿಮೆಯಾಗುತ್ತದೆ.

ಡೆಬ್ರಿಸ್ ಇಳಿಸುವ ಜಾಗ ಎಲ್ಲಿದೆ, ಲೋಡ್‌ಗೆ ಎಷ್ಟು, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಯಾರಿಗೆ ಫೋನ್ ಮಾಡಬೇಕು. ಇಷ್ಟನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ವಾರ್ಡ್ ಕಚೇರಿ ಮುಂದೆ ಹಾಕಿ. ಸಿಮೆಂಟ್ ಅಂಗಡಿ ಮುಂದೆ, ಟ್ರ್ಯಾಕ್ಟರ್ ನಿಲ್ಲುವ ಸ್ಟ್ಯಾಂಡಿನಲ್ಲಿ ಕೂಡ ಹಾಕಿ. ಜಾಗ ಊರಿನ ಒಂದೇ ಮೂಲೆಯಲ್ಲಿದ್ದರೆ ಇನ್ನೊಂದು ಮೂಲೆಯವನು ಅಲ್ಲಿಗೆ ಬರುವುದಿಲ್ಲ. ಆ ಟ್ರ್ಯಾಕ್ಟರ್ ಹುಡುಗನ ಡೀಸೆಲ್ ಲೆಕ್ಕ ನೆನಪಿಟ್ಟುಕೊಂಡು ನಾಲ್ಕೂ ದಿಕ್ಕಿಗೆ ಒಂದೊಂದು ಚಿಕ್ಕ ಜಾಗ ಮಾಡಿ. ಅಲ್ಲಿಂದ ದೊಡ್ಡ ಟಿಪ್ಪರ್‌ನಲ್ಲಿ ಸಾಗಿಸಬಹುದು. ರಿಂಗ್ ರಸ್ತೆಯ ಒಂದು ಬದಿ ಪಾಲಿಕೆ, ಇನ್ನೊಂದು ಬದಿ ಪಂಚಾಯಿತಿ, ಖಾಸಗಿ ಬಡಾವಣೆ ಯಾರಿಗೂ ಇನ್ನೂ ಹಸ್ತಾಂತರ ಆಗಿಲ್ಲ ಅನ್ನುವ ಕಡೆಯೇ ಗುಡ್ಡೆಗಳು ಜಾಸ್ತಿ. ಎಲ್ಲರೂ ಒಟ್ಟಿಗೆ ಕೂತು ಯಾರ ಹೊಣೆ ಅಂತ ಬರೆದುಕೊಂಡರೆ ದೊಡ್ಡ ಉಪಕಾರ.

ಈ ಡೆಬ್ರಿಸ್ ಬಿಸಾಡುವ ವಸ್ತುವೂ ಅಲ್ಲ. ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇದನ್ನು ಪುಡಿ ಮಾಡಿ, ಜರಡಿ ಹಿಡಿದು, ರಸ್ತೆಗೆ ಹಾಸುವ ಬ್ಲಾಕ್ ಮಾಡುತ್ತಿದ್ದಾರೆ. ಬೆಂಗಳೂರಿನವರಿಗೆ ಚಿಕ್ಕಜಾಲದಲ್ಲಿ ಘಟಕ ಇದೆ. ಹಳೆ ಕಾಂಕ್ರೀಟ್ ಒಡೆದ ಜಲ್ಲಿಯನ್ನು ಎಲ್ಲೆಲ್ಲಿ ಎಷ್ಟು ಬಳಸಬಹುದು ಅಂತ ಭಾರತೀಯ ಮಾನಕ ಬ್ಯೂರೋ 2016ರ ಐಎಸ್ 383ರಲ್ಲೇ, ಅಂದರೆ ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಮಾನದಂಡದಲ್ಲೇ ಹೇಳಿದೆ. ಕಂಬಿ ಹಾಕಿದ ಸಾಧಾರಣ ಕಾಂಕ್ರೀಟಿಗೆ ಶೇ. 20ರವರೆಗೆ ಬಳಸಬಹುದು. ಪಾಯದ ಅಡಿಗೆ ಹಾಕುವ ಬೆಡ್ ಕಾಂಕ್ರೀಟಿಗೆ ಪೂರ್ತಿ ಅದನ್ನೇ ಬಳಸಬಹುದು. ನಮ್ಮ ಊರಿನ ಫುಟ್‌ಪಾತ್ ಟೆಂಡರ್‌ಗಳಲ್ಲಿ ಇಂಥ ಬ್ಲಾಕ್ ಇಷ್ಟು ಪಾಲು ಇರಲೇಬೇಕು ಅಂತ ಒಂದು ಸಾಲು ಸೇರಿಸಿ. ಕೊಳ್ಳುವವರು ಇದ್ದಾರೆ ಅಂತ ಗೊತ್ತಾದರೆ ತಯಾರಿಸುವವರು ಬಂದೇ ಬರುತ್ತಾರೆ.

ಮತ್ತೆ ಮನೆ ಕಟ್ಟಿಸುತ್ತಿರುವವರ ಕಡೆಗೇ ಬರುತ್ತೇನೆ. ನಿಮ್ಮಲ್ಲಿ ಯಾರಾದರೂ ಈ ವಾರ ಮೌಲ್ಡ್ ಹಾಕಿಸುತ್ತಿದ್ದರೆ, ತೊಳೆಯುವ ನೀರಿಗೆ ಸೈಟಿನೊಳಗೆ ಗುಂಡಿ ತೋಡಲು ಇವತ್ತೇ ಮೇಸ್ತ್ರಿಗೆ ಹೇಳಿ. ಹಳೆ ಮನೆ ಒಡೆಸುತ್ತಿದ್ದರೆ, ಮೊದಲ ಟ್ರ್ಯಾಕ್ಟರ್ ಹೊರಡುವಾಗ ನಿಮ್ಮ ಗಾಡಿಯಲ್ಲಿ ಅದರ ಹಿಂದೆ ಹೋಗಿ ನೋಡಿ ಬನ್ನಿ. ಅಗ್ರಿಮೆಂಟಿಗೆ ಸೇರಿಸುವ ಆ ಎರಡು ಸಾಲು ಹೇಗಿರಬೇಕು ಅಂತ ಕೇಳಿದರೆ, ನನ್ನ ತಂಗಿ ಮಗಳ ಅಗ್ರಿಮೆಂಟಿನ ಪ್ರತಿ ನನ್ನ ಹತ್ತಿರ ಇದೆ. ಸಂತೋಷವಾಗಿ ಕೊಡುತ್ತೇನೆ.

ಇಂತಿ ನಿಮ್ಮವಳೇ,
ಕುವೆಂಪುನಗರದ ಒಬ್ಬ ಗೃಹಿಣಿ